ಲೋಪು ಅವೆಲಾರನ ಮುಖ

ಲಿಸ್ಬನ್, 14 ಸೆಪ್ಟೆಂಬರ್ 1957

ಮೇಸ್ತ್ರಿ ಬೆಲ್ಮಿರು ದುತ್ರ ಅವರಿಗೆ, ಪಿಕು ದ್ವೀಪ.

ಆಗಸ್ಟಿನಲ್ಲಿ ಹಡಗು ತಡವಾಗಿ, ನಿಮ್ಮ ಗುಡ್ಡದ ಕಾವಲು ಗುಡಿಸಲಿನಲ್ಲಿ ಮೂರು ದಿನ ಕಳೆದ ಬೋಳುತಲೆಯ ಮನುಷ್ಯ ನಾನು. ನಿಮ್ಮ ಅಂಜೂರದ ಸಾರಾಯಿ ಕುಡಿದು ಕೆಮ್ಮಿ ಕೆಮ್ಮಿ ನಿಮ್ಮನ್ನು ನಗಿಸಿದವನು ಎಂದರೆ ಬೇಗ ನೆನಪಾದೀತು.

ಬ್ಯಾಂಕಿನಲ್ಲಿ ಕೆಲಸ ಎಂದಷ್ಟೇ ಹೇಳಿದ್ದೆ. ನಾನು ನೋಟುಗಳಿಗೆ ಚಿತ್ರ ಕೆತ್ತುವವನು. ಹತ್ತೊಂಬತ್ತು ವರ್ಷದಿಂದ ಅಂಚಿನ ಬಳ್ಳಿ, ಅಲೆ, ಮೂಲೆಯ ಹೂವು ಇಷ್ಟೇ ನನ್ನ ಪಾಲಿಗೆ ಬಂದದ್ದು. ಈ ವರ್ಷ ಮೊದಲ ಸಲ ಒಂದು ಮುಖ ಸಿಕ್ಕಿದೆ. ಹೊಸ ನೋಟಿನ ಮೇಲೆ ನಾವಿಕ ಲೋಪು ಅವೆಲಾರ್ ಬರಬೇಕಂತೆ. ಐನೂರು ವರ್ಷದ ಹಿಂದೆ ನಿಮ್ಮ ಸಮುದ್ರ ದಾಟಿ, ಯಾರೂ ಹೋಗದ ಕಡೆಗೆ ಹೋದವನು. ಅವನ ಮುಖ ಹೇಗಿತ್ತೆಂದು ಯಾರಿಗೂ ಗೊತ್ತಿಲ್ಲ. ನಿಮ್ಮ ದ್ವೀಪದ ಚರ್ಚಿನಲ್ಲಿ ಅವನದೊಂದು ಹಳೆಯ ಚಿತ್ರವಿದೆ ಎಂದು ಯಾರೋ ಹೇಳಿದ್ದಕ್ಕೇ ನಾನು ಬಂದದ್ದು. ಬಂದು ನೋಡಿದರೆ ಅದು ಸಂತ ರೋಕರ ಚಿತ್ರ. ಕಾಲ ಬಳಿ ನಾಯಿಯೂ ಇತ್ತು.

ಹೊತ್ತು ಹೋಗಲೆಂದು ಗುಡಿಸಲಿನಲ್ಲಿ ಕೂತು ನಿಮ್ಮ ಚಿತ್ರ ಬರೆದಿದ್ದೆ. ನಮ್ಮ ನಿರ್ದೇಶಕರು ಅದನ್ನು ನೋಡಿ, "ಲೋಪು ಸಿಕ್ಕಿಬಿಟ್ನಲ್ರೀ!" ಎಂದರು. ನಿಮ್ಮ ಮುಖವನ್ನು ಬಳಸಿಕೊಳ್ಳಲು ಒಪ್ಪಿಗೆ ಕೇಳುತ್ತಿದ್ದೇನೆ. ಮುಖ್ಯವಾದದ್ದು ಕಣ್ಣು. ಮೂರು ದಿನವೂ ನೀವು ನನ್ನ ಕಡೆ ತಿರುಗಲಿಲ್ಲ. ನನಗೆ ಕಾಣದ್ದು ಏನೋ ಆ ನೀರಿನಾಚೆ ನಿಮಗೆ ಕಾಣುತ್ತಿತ್ತು. ಹೊಸ ನೆಲ ಹುಡುಕಿ ಹೊರಟವನು ಹಾಗೇ ನೋಡುತ್ತಿದ್ದಿರಬೇಕು.

ದಯವಿಟ್ಟು ಗಡ್ಡ ಬೋಳಿಸಬೇಡಿ.

ನಿಮ್ಮ ಅನ್ನದ ಋಣದಲ್ಲಿರುವ,
ಅನ್ಸೆಲ್ಮು ವಿದಿಗಾಲ್


ಪಿಕು ದ್ವೀಪ, 2 ಅಕ್ಟೋಬರ್ 1957

ಅನ್ಸೆಲ್ಮು ಸಾಹೇಬರಿಗೆ ನಮಸ್ಕಾರ.

ಅಪ್ಪನಿಗೆ ಓದು ಬರಹ ಬರುವುದಿಲ್ಲ. ನಾನು ಅವರ ಮಗಳು ಲುದೊವಿನಾ. ನಾಲ್ಕನೇ ತರಗತಿಯವರೆಗೆ ಓದಿದ್ದೇನೆ, ತಪ್ಪಿದ್ದರೆ ಮನ್ನಿಸಿ. ಅಪ್ಪ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ:

"ಸಾಹೇಬ್ರೆ, ಈ ಮುಖದಲ್ಲಿ ಏನ್ ಕಂಡ್ರಿ ನೀವು? ನನ್ನ ಹೆಂಡ್ತಿ ಬದುಕಿದ್ದಾಗ, ನಿನ್ನ ಮುಖ ನೋಡಿದ್ರೆ ಹಾಲು ಒಡೆದುಹೋಗುತ್ತೆ ಅಂತಿದ್ಲು. ಬೇಕಾದ್ರೆ ಇಟ್ಕೊಳ್ಳಿ. ಗಡ್ಡ ಬೋಳಿಸಕ್ಕೆ ನಂಗೂ ಸೋಮಾರಿತನ. ಆದ್ರೆ ಒಂದ್ ಮಾತು. ನಮ್ಮೂರಲ್ಲಿ ಯಾರಿಗೂ ಹೇಳ್ಬೇಡಿ. ಈ ದೋಣಿಯೋರ ಬಾಯಿಗೆ ಬಿದ್ರೆ ಮುಗೀತು, ನಾನು ಪೆಟ್ಟಿಗೇಲಿ ಮಲಗೋ ತನಕ ಬಿಡಲ್ಲ."

ಇಷ್ಟು ಅಪ್ಪನ ಮಾತು. ಹೋದ ತಿಂಗಳು ಮೂರು ಸಲ ಅಪ್ಪ ತಿಮಿಂಗಿಲ ಕಂಡು, ಕೆಳಗಿನ ದೋಣಿಯವರಿಗೆ ತಿಳಿಯಲೆಂದು ಸಿಡಿಮದ್ದಿನ ಬಾಣ ಹಾರಿಸಿದರು, ಮೂರು ಸಲವೂ ದೋಣಿಗಳು ಬರಿಗೈಲಿ ಬರಲಿಲ್ಲ. ನೀವು ಬಂದಾಗ ಗೋಡೆಯ ಹಿಂದೆ ಕೂತು ಹೆಣಿಗೆ ಹಾಕುತ್ತಿದ್ದವಳು ನಾನೇ. ನಿಮ್ಮ ಜೊತೆ ಮಾತಾಡಲಿಲ್ಲ, ಸಂಕೋಚ. ಅಪ್ಪನಿಗೆ ಊಟ ಕೊಟ್ಟು ಸುಮ್ಮನೆ ಕೂತಿರುತ್ತೇನೆ, ಅಷ್ಟೇ.

ಲುದೊವಿನಾ


ಲಿಸ್ಬನ್, 20 ನವೆಂಬರ್ 1957

ಮೇಸ್ತ್ರಿ ಬೆಲ್ಮಿರು ಅವರಿಗೂ ಲುದೊವಿನಾ ಅವರಿಗೂ,

ಕೆಲಸ ಶುರುವಾಗಿದೆ. ಉಕ್ಕಿನ ತಗಡಿನ ಮೇಲೆ ಭೂತಗನ್ನಡಿ ಇಟ್ಟುಕೊಂಡು ಕೂದಲೆಳೆಯಷ್ಟು ಗೆರೆ ಕೆತ್ತಬೇಕು. ಗಡ್ಡಕ್ಕೇ ಹದಿನೇಳು ದಿನ ಹಿಡಿಯಿತು. ಮೇಸ್ತ್ರಿಗಳೇ, ನಿಮ್ಮ ಗಡ್ಡವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ದೇಶದಲ್ಲಿ ಯಾರೂ ಇಲ್ಲ.

ಈಗ ಕಣ್ಣಿಗೆ ಬಂದಿದ್ದೇನೆ. ನನ್ನ ಚಿತ್ರದಲ್ಲಿ ನಿಮ್ಮ ಬಲಗಣ್ಣಿನ ನಡುವೆ ಒಂದು ಬೆಳ್ಳಗಿನ ಹೊಳಪು ಇದೆ. ಮೂರು ದಿನ ಮೂರು ಸಲ ಬರೆದಾಗಲೂ ಅದು ಇತ್ತು. ಸಮುದ್ರದ ಬೆಳಕು ಕಣ್ಣಿನಲ್ಲಿ ಬಿದ್ದದ್ದು ಅಂದುಕೊಂಡಿದ್ದೇನೆ. ಹೌದು ತಾನೇ? ಹೌದಾದರೆ ಹಾಗೇ ಉಳಿಸುತ್ತೇನೆ, ಬಹಳ ಚೆಂದವಾಗಿದೆ.

ಲುದೊವಿನಾ ಅವರು ನನಗೆ ನೆನಪಿದ್ದಾರೆ. ಗೋಡೆಯಾಚೆಯಿಂದ ಆಗಾಗ ಹಾಡಿನಂತೆ ಏನೋ ಗುನುಗುವುದು ಕೇಳುತ್ತಿತ್ತು. ತಂದೆ ಕೆಲಸ ಮಾಡುವಾಗ ಮಗಳು ಹಾಡುವುದು ಎಷ್ಟು ಹಿತ ಎಂದುಕೊಂಡಿದ್ದೆ.

ಇನ್ನೊಂದು ಸಂತೋಷದ ಸುದ್ದಿ. ಗುಡ್ಡದ ಮೇಲೆ ಕೂತು ಮೂವತ್ತು ಕಿಲೋಮೀಟರು ದೂರದ ತಿಮಿಂಗಿಲದ ಉಸಿರು ಕಾಣುವವರ ಬಗ್ಗೆ ಬರೆಯಲು ಪತ್ರಿಕೆಯವರೊಬ್ಬರು ಈಸ್ಟರ್ ಹೊತ್ತಿಗೆ ನಿಮ್ಮಲ್ಲಿಗೆ ಬರುತ್ತಾರೆ. ನೋಟಿನ ಗುಟ್ಟು ಅವರಿಗೆ ಹೇಳಿಲ್ಲ. ನಿಮ್ಮ ಕಣ್ಣಿನ ಫೋಟೋ ತೆಗೆಯುತ್ತಾರಂತೆ.

ಅನ್ಸೆಲ್ಮು


ಪಿಕು ದ್ವೀಪ, 9 ಡಿಸೆಂಬರ್ 1957

ಅನ್ಸೆಲ್ಮು ಸಾಹೇಬರಿಗೆ,

ಹೌದು, ಅದು ಸಮುದ್ರದ ಬೆಳಕು.

ಪತ್ರಿಕೆಯವರನ್ನು ಕಳಿಸಬೇಡಿ. ಈಸ್ಟರಿನಲ್ಲಿ ಇಲ್ಲಿ ಮಳೆ, ದಾರಿ ಸರಿ ಇಲ್ಲ. ಅವರಿಗೆ ಉಳಿದುಕೊಳ್ಳಲು ಒಳ್ಳೆ ಮನೆಯೂ ಇಲ್ಲ. ಅಪ್ಪನಿಗೆ ಕೆಮ್ಮು. ಫೋಟೋ ಅಂದರೆ ಆಗುವುದಿಲ್ಲ.

ನೀವು ಒಳ್ಳೆಯವರು. ದಯವಿಟ್ಟು ಕಳಿಸಬೇಡಿ.

ಲುದೊವಿನಾ


ಲಿಸ್ಬನ್, 15 ಜನವರಿ 1958

ಪ್ರಿಯ ಲುದೊವಿನಾ ಅವರಿಗೆ,

ನಿಮ್ಮ ಚಿಕ್ಕ ಪತ್ರ ಓದಿ ನನಗೆ ನಾಚಿಕೆಯಾಯಿತು. ನಾಲ್ಕು ಕಾರಣ ಕೊಟ್ಟಿದ್ದೀರಿ, ನಿಜವಾದದ್ದನ್ನು ಮರ್ಯಾದೆಗೆ ಬಿಟ್ಟಿದ್ದೀರಿ. ನನಗೆ ಅರ್ಥವಾಯಿತು. ನಿಮ್ಮ ತಂದೆಯ ಮುಖ ತೆಗೆದುಕೊಂಡೆ, ಪ್ರತಿಯಾಗಿ ಒಂದು ಕಡ್ಡಿಯನ್ನೂ ಕೊಡಲಿಲ್ಲ. ಈಗ ಪತ್ರಿಕೆಯವರನ್ನೂ ಅಟ್ಟಿ ನಿಮ್ಮ ಮನೆಗೆ ಖರ್ಚು ತರಲು ಹೊರಟಿದ್ದೆ.

ಅವರ ಹಳೆಯ ದುರ್ಬೀನಿನ ಗಾಜು ಒಡೆದಿದ್ದು ಕಂಡಿದ್ದೆ. ಮುಂದಿನ ಹಡಗಿನಲ್ಲಿ ಹೊಸದೊಂದು ಬರುತ್ತದೆ. ಜರ್ಮನಿಯದು. ಗುಡ್ಡ ಹತ್ತಿಸುವ ತೊಂದರೆ ಬೇಡವೆಂದು ದೋಣಿಮನೆಯ ವಿಳಾಸಕ್ಕೆ ಹಾಕಿದ್ದೇನೆ. ಆ ಕಣ್ಣಿಗೆ ತಕ್ಕ ಗಾಜು ಅದು.

ಅನ್ಸೆಲ್ಮು


ಪಿಕು ದ್ವೀಪ, 3 ಮಾರ್ಚ್ 1958

ಅನ್ಸೆಲ್ಮು ಸಾಹೇಬರಿಗೆ,

ಇದನ್ನು ಅಪ್ಪನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ.

ನಿಮ್ಮ ದುರ್ಬೀನು ಬಂದು ಹತ್ತು ದಿನವಾಯಿತು. ದೋಣಿಮನೆಯಲ್ಲಿ ಎಲ್ಲರ ಎದುರಿಗೇ ಪೆಟ್ಟಿಗೆ ಬಿಚ್ಚಿದರು. ದೋಣಿಗಳ ನಾಯಕ ಔರೆಲಿಯು, "ಏನ್ ಬೆಲ್ಮಿರು ಮಾಮ, ಲಿಸ್ಬನ್ನಲ್ಲಿ ಯಾವುದಾದ್ರೂ ಅತ್ತೆಮನೆ ಮಾಡ್ಕೊಂಡಿದೀಯಾ? ಇಂಥಾ ಉಡುಗೊರೆ ಬರುತ್ತೆ!" ಎಂದ. ಒಬ್ಬೊಬ್ಬರೇ ಕಣ್ಣಿಗಿಟ್ಟು ನೋಡಿದರು. ಒಬ್ಬನಿಗೆ ಬಂಡೆಯ ಮೇಲಿನ ಏಡಿ ಕಂಡಿತು, ಇನ್ನೊಬ್ಬನಿಗೆ ತನ್ನ ಹೆಂಡತಿ ಅಂಗಳದಲ್ಲಿ ಪಕ್ಕದ ಮನೆಯವಳ ಜೊತೆ ಹರಟೆ ಹೊಡೆಯುವುದು ಕಂಡಿತು. ಕೊನೆಗೆ ಔರೆಲಿಯು ಅಪ್ಪನ ಕೈಗಿಟ್ಟ. "ತಗೋ ಮಾಮ. ಎದುರು ದ್ವೀಪದಲ್ಲಿ ಏನ್ ನಡೀತಿದೆ ಹೇಳು."

ನಾನು ಬಾಗಿಲ ಹತ್ತಿರ ಇದ್ದೆ. ಅಷ್ಟು ಜನರ ನಡುವೆ ದಾಟಿ ಹೋಗಲು ಆಗಲಿಲ್ಲ.

ಅಪ್ಪ ದುರ್ಬೀನು ಎತ್ತಿ ಹೇಳಿದರು: "ಕಾಣದೆ ಏನು? ಸಾಂವ್ ಜೊರ್ಜೆ ಎದುರಿಗೇ ಇದೆ. ಅಗೋ ಚರ್ಚು, ಅದರ ಪಕ್ಕ ಬಿಳೀ ಮನೆಗಳು. ಮೇಲ್ಗಡೆ ಹಸು ಮೇಯ್ತಾ ಇವೆ."

ಆವತ್ತು ಬೆಳಗಿನಿಂದ ಮೋಡ ನೀರಿನ ತನಕ ಇಳಿದಿತ್ತು. ಸಾಂವ್ ಜೊರ್ಜೆ ದ್ವೀಪ ಇಡೀ ಮುಚ್ಚಿಹೋಗಿತ್ತು.

ಎಲ್ಲರೂ ತಮಾಷೆ ಎಂದುಕೊಂಡು ನಕ್ಕರು. ಔರೆಲಿಯು ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದ: "ಮಾಮ, ಸಾಂವ್ ಜೊರ್ಜೆ ಇವತ್ತು ಕಾಣ್ತಾನೇ ಇಲ್ವಲ್ಲ?"

ಅಪ್ಪ ದುರ್ಬೀನು ಕೆಳಗಿಟ್ಟರು. "ಹೌದು ಕಣೋ. ನಂಗೆ ಎರಡು ವರ್ಷದಿಂದ ದೂರದ್ದು ಏನೂ ಕಾಣಲ್ಲ. ಹತ್ತಿರದ್ದು ಮಬ್ಬು ಮಬ್ಬು. ನೋಡೋಳು ಇವಳು, ಬಾಣ ಬಿಡೋನು ನಾನು."

ನೀವು ಕೇಳಿದ್ದು ಹಾಡಲ್ಲ ಸಾಹೇಬರೇ. ನಾನು ಗೋಡೆಯ ಹಿಂದೆ ಕೂತು ಅಪ್ಪನಿಗೆ ದಿಕ್ಕು ಹೇಳುತ್ತಿದ್ದೆ. "ಬಲಕ್ಕೆ ಎರಡು ಬೆರಳು, ಮೂರು ಉಸಿರು, ದೊಡ್ಡದು" ಅಂತ. ಆ ಹೊಳಪು ಸಮುದ್ರದ ಬೆಳಕಲ್ಲ, ಪೊರೆ. ಇನ್ನೊಂದು ಕಣ್ಣಿಗೂ ಬರುತ್ತಿದೆ. ನಾನು ನಿಮಗೆ ಸುಳ್ಳು ಬರೆದೆ.

ಹೋದ ವರ್ಷ ಒಂದೇ ಒಂದು ದಿನ ನಾನು ಚಿಕ್ಕಮ್ಮನ ಮಗಳ ಮದುವೆಗೆ ಹೋಗಿದ್ದೆ. ಆವತ್ತು ಅಪ್ಪ ಬಿಳಿ ಅಲೆಯನ್ನು ತಿಮಿಂಗಿಲ ಎಂದುಕೊಂಡು ಬಾಣ ಹಾರಿಸಿದರು. ಮೂರು ದೋಣಿ ಸಂಜೆವರೆಗೆ ಸುಮ್ಮನೆ ಅಲೆದವು. ಅದು ಬಿಟ್ಟರೆ ಈ ಎರಡು ವರ್ಷದಲ್ಲಿ ನಾನು ಒಂದನ್ನೂ ತಪ್ಪಿಸಿಲ್ಲ. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಭಾನುವಾರ ಪೂಜೆ ಮುಗಿದ ಮೇಲೆ ದೋಣಿಯವರು ಕೂತು ತೀರ್ಮಾನ ಮಾಡುತ್ತಾರೆ. ಗುಮೆರ್ಸಿಂದು ಎಂಬ ಹಿರಿಯ ಹುಟ್ಟುಗಾರ ಇದ್ದಾನೆ. "ಹೆಂಗಸಿನ ಬಾಣಕ್ಕೆ ಹೋದ ದೋಣಿ ನೆಟ್ಟಗೆ ವಾಪಸ್ ಬಂದಿದ್ದು ಯಾರಾದ್ರೂ ಕಂಡಿದೀರಾ?" ಎಂದು ಕೇಳುತ್ತಾ ತಿರುಗುತ್ತಿದ್ದಾನೆ. ಹೆಂಗಸು ಬಾಣ ಬಿಟ್ಟಿದ್ದೇ ಇಲ್ಲವಲ್ಲ, ಯಾರು ಹೇಗೆ ಕಂಡಾರು? ಬೇರೆ ಕಾವಲುಗಾರ ಬಂದರೆ ನಾವು ಗುಡ್ಡ ಇಳಿಯಬೇಕು. ಅಪ್ಪ ಹೇಗೋ ತಡೆದುಕೊಳ್ಳುತ್ತಾರೆ. ನನಗೆ ಆ ಗುಡ್ಡ ಬಿಟ್ಟು ಬೇರೆ ಏನೂ ಬರುವುದಿಲ್ಲ. ಬೇರೆ ಏನೂ ಬೇಕಾಗಿಯೂ ಇಲ್ಲ.

ನೋಟಿನಿಂದ ಅಪ್ಪನ ಮುಖ ತೆಗೆದುಬಿಡಿ. ದಿಕ್ಕು ಹುಡುಕಿ ಹೋದ ದೊಡ್ಡ ಮನುಷ್ಯನಿಗೆ ಕಣ್ಣು ಕಾಣದವನ ಮುಖ ಇಟ್ಟಿರಿ ಎಂದು ನಿಮಗೆ ಕೆಟ್ಟ ಹೆಸರು ಬರುವುದು ಬೇಡ. ಅದು ನಿಮ್ಮ ಮೊದಲನೇ ಮುಖ.

ಲುದೊವಿನಾ


ಲಿಸ್ಬನ್, 22 ಮಾರ್ಚ್ 1958

ಮಗಳೇ,

ಹೀಗೆ ಕರೆಯಬಹುದಲ್ಲವೇ?

ನಿನ್ನ ಪತ್ರ ಬಂದಾಗ ಅಚ್ಚಿನ ತಗಡು ನನ್ನ ಮೇಜಿನ ಮೇಲೆಯೇ ಇತ್ತು. ಆ ಬಿಳಿ ಚುಕ್ಕೆಯನ್ನು ಮುಚ್ಚಲು ಮೂರು ಗೆರೆ ಸಾಕು. ಉಳಿ ಕೈಗೆ ತೆಗೆದುಕೊಂಡೆ. ಇಟ್ಟೆ. ಊಟ ಮಾಡಿ ಬಂದು ಮತ್ತೆ ತೆಗೆದುಕೊಂಡೆ.

ಲೋಪು ಅವೆಲಾರನ ಬಗ್ಗೆ ಸಿಕ್ಕಿದ್ದನ್ನೆಲ್ಲ ನಾನು ಓದಿದ್ದೇನೆ. ಆ ಪ್ರಯಾಣದ ಹೊತ್ತಿಗೆ ಅವನಿಗೆ ಐವತ್ತು ದಾಟಿತ್ತು. ಹಡಗಿನ ಕಂಬದ ತುದಿಯಲ್ಲಿ ಕೂತು ಮೊದಲು "ನೆಲ!" ಎಂದು ಕೂಗಿದವನು ಅವನಲ್ಲ, ಬೇರೆ ಯಾರೋ. ಲೋಪು ಕೆಳಗೆ ನಿಂತು ಆ ಕೂಗನ್ನು ನಂಬಿದ, ಹಡಗನ್ನು ಆ ಕಡೆ ತಿರುಗಿಸಿದ. ಕೂಗಿದವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಲೋಪುವಿನ ಕಣ್ಣು ಎಷ್ಟು ಕಾಣುತ್ತಿತ್ತೋ, ಅದೂ ಇಲ್ಲ.

ನಿರ್ದೇಶಕರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅದು ಬೆಳಕಲ್ಲ, ಪೊರೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನನಗೂ ಶುರುವಾಗಿದೆ ಕಣ್ರೀ. ಮನೇಲಿ ಹೇಳಿಲ್ಲ. ಇರ್ಲಿ ಬಿಡಿ ಅದು" ಎಂದರು. ಹಾಗಾಗಿ ಅದು ಇರುತ್ತದೆ. ತಗಡು ನಿನ್ನೆ ಅಚ್ಚಿಗೆ ಹೋಯಿತು.

ಪತ್ರಿಕೆಯವರನ್ನು ಮದೈರಾ ದ್ವೀಪಕ್ಕೆ ಬಾಳೆಹಣ್ಣಿನ ಬಗ್ಗೆ ಬರೆಯಲು ಕಳಿಸಿದ್ದೇನೆ. ದುರ್ಬೀನು ಕಳಿಸಿದ್ದು ನನ್ನ ಪೆದ್ದುತನ. ನಿನ್ನ ಪತ್ರದಲ್ಲಿ ಇಲ್ಲದ್ದನ್ನೆಲ್ಲ ಓದಿದೆ, ಇದ್ದದ್ದೊಂದನ್ನೇ ಓದಲಿಲ್ಲ. ಮೂರು ದಿನ ಆ ಗುಡಿಸಲಿನಲ್ಲಿ ಕೂತು ನಾನು ಬರೀ ಒಂದು ಮುಖ ನೋಡಿದೆ, ಇನ್ನೊಂದು ಗೋಡೆಯಾಚೆ ಇತ್ತು.

ಇಲ್ಲಿ ನನ್ನ ಪರಿಚಯದ ಕಣ್ಣಿನ ವೈದ್ಯರಿದ್ದಾರೆ. ಪೊರೆ ತೆಗೆಯುತ್ತಾರೆ. ಮೇಸ್ತ್ರಿಗಳು ನಮ್ಮ ಮನೆಯಲ್ಲೇ ಇರಬಹುದು. ನನ್ನ ಹೆಂಡತಿ ಈಗಲೇ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ.

ಭಾನುವಾರ ಏನಾಯಿತು? ಬೇಗ ಬರೆ.

ಅನ್ಸೆಲ್ಮು


ಪಿಕು ದ್ವೀಪ, 28 ಮೇ 1958

ಅನ್ಸೆಲ್ಮು ಮಾಮನಿಗೆ,

ಬೇಗ ಬರೆಯಲಿಲ್ಲ, ಯಾಕೆಂದರೆ ಏನಾಗುತ್ತದೆಂದು ನನಗೇ ಗೊತ್ತಿರಲಿಲ್ಲ.

ಭಾನುವಾರ ಬಹಳ ಹೊತ್ತು ಜಗಳವಾಡಿದರು. ಕೊನೆಗೆ ಔರೆಲಿಯು ಹೇಳಿದ: "ಮುಂದಿನ ಬಾಣ ಇವಳೇ ಬಿಡ್ಲಿ. ತಿಮಿಂಗಿಲ ಕೈಗೆ ಸಿಕ್ಕಿದ್ರೆ ಕಾವಲು ಇವಳದ್ದು. ಸಿಗ್ಲಿಲ್ವಾ, ಫಾಯಲ್ ದ್ವೀಪದಿಂದ ನನ್ನ ಭಾವ ಬರ್ತಾನೆ." ಗುಮೆರ್ಸಿಂದು ಎದ್ದು ಟೋಪಿ ಹಾಕಿಕೊಂಡ. "ಯಾರಾದ್ರೂ ಬರ್ಲಿ, ಯಾರಾದ್ರೂ ಹೋಗ್ಲಿ. ಹೆಂಗಸಿನ ಬಾಣಕ್ಕೆ ನಾನಂತೂ ಹುಟ್ಟು ಮುಟ್ಟಲ್ಲ."

ಆಮೇಲೆ ಎರಡು ತಿಂಗಳು ಸಮುದ್ರದಲ್ಲಿ ಒಂದು ಉಸಿರೂ ಇಲ್ಲ. ಇಡೀ ಊರು ನನ್ನನ್ನೇ ನೋಡುತ್ತಿತ್ತು. ಅಂಗಡಿಗೆ ಹೋಗುವುದನ್ನೇ ಬಿಟ್ಟೆ.

ಹತ್ತೊಂಬತ್ತನೇ ತಾರೀಕು ಸೋಮವಾರ ಬೆಳಿಗ್ಗೆ, ಎಡಕ್ಕೆ ಓರೆಯಾಗಿ ಒಂದು ಸಣ್ಣ ಹೊಗೆ ಕಂಡಿತು. ಓರೆಯಾಗಿ ಉಸಿರು ಬಿಡುವುದು ನಮಗೆ ಬೇಕಾದ ತಿಮಿಂಗಿಲ ಮಾತ್ರ. ಇನ್ನೊಂದು ಉಸಿರು ಬರಲಿ ಎಂದು ಕಾದೆ. ಬಂತು. ನಾಲ್ಕು ಬೆಂಕಿಕಡ್ಡಿ ಗಾಳಿಗೆ ಆರಿದವು, ಐದನೆಯದಕ್ಕೆ ಬಾಣ ಹೋಯಿತು. ದಿಕ್ಕು ತೋರಿಸಲು ಬಿಳಿ ಬಟ್ಟೆ ಹಾಸಿದೆ. ಕೆಳಗೆ ದ್ರಾಕ್ಷಿ ತೋಟಗಳಿಂದ ಗಂಡಸರು ಓಡುವುದು ಕಂಡಿತು. ಎರಡು ದೋಣಿ ನೀರಿಗಿಳಿದವು. ಔರೆಲಿಯುವಿನದು ಇಳಿಯಲಿಲ್ಲ. ಗುಮೆರ್ಸಿಂದು ಕಟ್ಟೆಯ ಮೇಲೆ ಕೈಕಟ್ಟಿ ಕೂತಿದ್ದ. ಒಂದು ಹುಟ್ಟು ಕಡಿಮೆಯಾದರೆ ದೋಣಿ ಹೊರಡುವುದಿಲ್ಲ. ಈಟಿ ಎಸೆಯುವವರಲ್ಲಿ ಗಟ್ಟಿಗ ಇದ್ದದ್ದು ಅದೇ ದೋಣಿಯಲ್ಲಿ.

ಮೇಲಿನಿಂದ ನನಗೆ ಕಂಡದ್ದು ಇಷ್ಟೇ: ಬಿಳಿ ಗಡ್ಡದ ಒಬ್ಬರು ಗೋಡೆ ಹಿಡಿದುಕೊಂಡು ನಡೆದು ಬಂದು ದೋಣಿ ಹತ್ತಿದರು. ಅಲ್ಲಿ ಆದ ಮಾತನ್ನು ಆಮೇಲೆ ಔರೆಲಿಯು ಹೇಳಿದ.

"ಮಾಮ, ತಲೆ ಕೆಟ್ಟಿದ್ಯಾ? ನಿಂಗೆ ಕಣ್ಣು ಕಾಣಲ್ಲ!"

"ಹುಟ್ಟು ಹಾಕೋನಿಗೆ ಕಣ್ಣು ಯಾಕೋ? ತಿಮಿಂಗಿಲಕ್ಕೆ ಬೆನ್ನು ಹಾಕ್ಕೊಂಡ್ ತಾನೇ ಕೂರೋದು? ನಿಮ್ಮಲ್ಲಿ ಯಾವೋನು ಅದನ್ನ ನೋಡ್ಕೊಂಡು ಹುಟ್ಟು ಹಾಕ್ತಾನೆ ಹೇಳು. ನಿಂತಿರೋನು ನೀನು, ನೋಡೋನು ನೀನು. ನಾನು ಎಳೀತೀನಿ, ನಡಿ!"

ಅಪ್ಪನಿಗೆ ಅರವತ್ತೊಂದು ವರ್ಷ. ನಾಲ್ಕು ಗಂಟೆ ಹುಟ್ಟು ಎಳೆದರು. ನಾನು ಮೇಲೆ ನಿಂತು ಬಟ್ಟೆಯನ್ನು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಸರಿಸುತ್ತಾ ಅತ್ತಿದ್ದು ಯಾರಿಗೂ ಗೊತ್ತಿಲ್ಲ. ಸಂಜೆ ಮೂರು ದೋಣಿ ಸೇರಿ ದೊಡ್ಡ ಗಂಡು ತಿಮಿಂಗಿಲವನ್ನು ಎಳೆದು ತಂದವು. ಅಪ್ಪನ ಅಂಗೈ ಚರ್ಮ ಸುಲಿದಿತ್ತು. ಮೂರು ದಿನ ಚಮಚ ಹಿಡಿಯಲು ಆಗದೆ ನಾನೇ ತಿನ್ನಿಸಿದೆ. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಬಂದವರಿಗೆಲ್ಲ ಕಥೆ ಹೇಳಿದ್ದೇ ಹೇಳಿದ್ದು, ಒಂದೊಂದು ಸಲಕ್ಕೆ ತಿಮಿಂಗಿಲ ಒಂದೊಂದು ಮೀಟರು ಬೆಳೆಯಿತು.

ಮಾರನೇ ದಿನ ಗುಮೆರ್ಸಿಂದು ಗುಡ್ಡ ಹತ್ತಿ ಬಂದ. ಒಂದು ಚೀಲ ಗೆಣಸು ಬಾಗಿಲಲ್ಲಿ ಇಟ್ಟು, ನನ್ನ ಮುಖ ನೋಡದೆ ಹೇಳಿದ: "ನಾಳೆಯಿಂದ ಹುಟ್ಟು ನಂದು. ಆ ಮುದುಕನಿಗೆ ಹೇಳು, ನನ್ನ ಜಾಗದಲ್ಲಿ ಕೂತ್ಕೋಬೇಡ ಅಂತ."

ಕಾವಲು ಈಗ ನನ್ನದು. ದೋಣಿಮನೆಯ ಹಲಗೆಯ ಮೇಲೆ ನನ್ನ ಹೆಸರು ಬರೆದಿದ್ದಾರೆ. ವೈದ್ಯರ ಹತ್ತಿರ ಹೋಗೋಣ ಎಂದರೆ ಅಪ್ಪ ತಿಮಿಂಗಿಲದ ಕಾಲ ಮುಗಿಯಲಿ ಅನ್ನುತ್ತಾರೆ. ಹೆದರಿಕೆ. ಒಪ್ಪಿಕೊಳ್ಳುವುದಿಲ್ಲ.

ಲುದೊವಿನಾ


ಪಿಕು ದ್ವೀಪ, 11 ಮಾರ್ಚ್ 1959

ಅನ್ಸೆಲ್ಮು ಮಾಮನಿಗೆ,

ನೀವು ಕಳಿಸಿದ ಹೊಸ ನೋಟು ಬಂತು. ನಾನು ಮೊದಲು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಬಂದು ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಅದನ್ನು ಕಣ್ಣ ಹತ್ತಿರ ತಂದರು, ಆಗಲಿಲ್ಲ. ಆಮೇಲೆ ಮೊಣಕಾಲ ಮೇಲೆ ಹಾಸಿ ಹೆಬ್ಬೆರಳಿನಿಂದ ಸವರಿದರು. ನಿಮ್ಮ ಗೆರೆಗಳು ಕಾಗದದ ಮೇಲೆ ಉಬ್ಬಿಕೊಂಡಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಪ್ಪನಿಗೆ ಸಿಕ್ಕಿತು. "ಇದು ಗಡ್ಡ. ಸಿಕ್ಕಾಪಟ್ಟೆ ಇದೆಯಲ್ಲೇ! ಇದು ಟೋಪಿ. ನಾನೆಲ್ಲಿ ಇಂಥಾ ಟೋಪಿ ಹಾಕಿದ್ದೆ?" ಎಂದರು. ಬೆರಳು ಮೇಲೆ ಬಂದು ಒಂದು ಕಡೆ ನಿಂತಿತು. "ಇಲ್ಲಿ ನುಣ್ಣಗಿದೆ. ಏನೂ ಕೆತ್ತಿಲ್ಲ."

"ಅದು ನಿಮ್ಮ ಪೊರೆ ಅಪ್ಪ."

ಅಷ್ಟು ಸಣ್ಣದು ಬೆರಳಿಗೆ ಸಿಗುತ್ತದೋ ಇಲ್ಲವೋ, ನಾನು ಹೇಳಲಾರೆ. ಅವರಂತೂ ಬಹಳ ನಕ್ಕರು. "ಆಸಾಮಿ ಮೋಸ ಮಾಡಿಲ್ಲ ಕಣೇ. ಇದ್ದ ಹಾಗೇ ಕೊಟ್ಟಿದ್ದಾನೆ."

ಗುಟ್ಟು ಅವರೇ ಬಯಲು ಮಾಡಿದರು. ಅದೇ ಸಂಜೆ ದೋಣಿಮನೆಗೆ ಹೋಗಿ ಎಲ್ಲರ ಮೂಗಿನ ಕೆಳಗೆ ಹಿಡಿದರು. ಈಗ ಎಲ್ಲರಿಗೂ ಅವರು ಲೋಪು ಮಾಮ. ನಮ್ಮೂರಿಗೆ ಬಂದ ಉಳಿದ ನೋಟುಗಳನ್ನು ಯಾರೂ ಬೇಗ ಖರ್ಚು ಮಾಡುತ್ತಿಲ್ಲ, ಅಂಗಡಿಯವಳು ಬೈಯುತ್ತಿದ್ದಾಳೆ.

ವೈದ್ಯರ ಬಳಿ ಬರಲು ಕೊನೆಗೂ ಒಪ್ಪಿದ್ದಾರೆ. ನಾನು ಹೇಳಿದ್ದಕ್ಕಲ್ಲ. ಟೋಪಿಯ ಮೇಲೆ ಗರಿ ಇದೆ ಎಂದು ಔರೆಲಿಯು ಹೇಳಿದ, ಇಲ್ಲ ಎಂದು ಗುಮೆರ್ಸಿಂದು ಹೇಳಿದ. ಅದನ್ನು ತಾವೇ ನೋಡಬೇಕಂತೆ. ಗುರುತಿನ ಕಾರ್ಡು ಮಾಡಿಸೋಣ ಎಂದರೆ ಕೇಳುವುದಿಲ್ಲ. "ಯಾಕೆ? ಯಾರಾದ್ರೂ ಕೇಳಿದ್ರೆ ಇದನ್ನೇ ತೋರಿಸ್ತೀನಿ. ಸರ್ಕಾರಾನೇ ಅಚ್ಚು ಹಾಕಿದ್ಯಲ್ಲ!" ಎನ್ನುತ್ತಾರೆ. ಆದರೂ ಕಾರ್ಡು ಮಾಡಿಸಿದ್ದೇನೆ. ಕೋಟಿನ ಒಳಜೇಬಿನಲ್ಲಿ ಹೊಲಿದಿದ್ದೇನೆ, ದಯವಿಟ್ಟು ಬಿಚ್ಚಿಕೊಳ್ಳಿ.

ಏಪ್ರಿಲ್ ಎರಡರ ಹಡಗಿನಲ್ಲಿ ಹೊರಡುತ್ತಾರೆ. ಮೆಟ್ಟಿಲು ಬಂದಾಗ ಮೊದಲೇ ಹೇಳಬೇಕು. ಕೈ ಹಿಡಿಯಬಾರದು, ಕೋಪ ಬರುತ್ತದೆ. ನಿಮ್ಮ ಮೊಣಕೈ ಅವರಿಗೆ ತಾಗುವ ಹಾಗೆ ನಡೆದರೆ ತಾವೇ ಹಿಡಿದುಕೊಳ್ಳುತ್ತಾರೆ. ಸಾರಾಯಿ ಎರಡು ಲೋಟಕ್ಕಿಂತ ಹೆಚ್ಚು ಬೇಡ. ಕಣ್ಣಿನ ಕಟ್ಟು ಬಿಚ್ಚುವ ದಿನ ಯಾರಾದರೂ ಹತ್ತಿರ ಇರಿ.

ನನಗೆ ಜೊತೆಗೆ ಬರಲು ಬಹಳ ಆಸೆ. ಆದರೆ ಬರಲು ಆಗುವುದಿಲ್ಲ ಮಾಮ. ತಿಮಿಂಗಿಲಗಳು ಬರುವ ಕಾಲ, ಗುಡ್ಡದ ಮೇಲೆ ಇನ್ಯಾರೂ ಇಲ್ಲ.

ಲುದೊವಿನಾ ದುತ್ರ